ಕಲ್ಲಿನ ಸವಕಳಿ ಓದಿದ ಫೂಟ್ ಸಾಹೇಬರು



ಗೋಕಾಕದ ಸುತ್ತಲಿನ ನೆಲದಲ್ಲಿ ಒಂದು ಕಾಲಕ್ಕೆ ಘೇಂಡಾಮೃಗಗಳು ಮೇಯುತ್ತಿದ್ದವು ಎಂದು ಯಾರಾದರೂ ಹೇಳಿದರೆ ನೀವು ನಕ್ಕೀರಿ. ಆದರೆ ಇದು ಕಟ್ಟುಕಥೆಯಲ್ಲ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಗೋಕಾಕದ ಹತ್ತಿರದ ಒಂದು ಹಳ್ಳದ ದಂಡೆಯಲ್ಲಿ ಆ ಪ್ರಾಣಿಯ ಹಲ್ಲು, ದವಡೆ, ಎಲುಬುಗಳು ಸಿಕ್ಕವು. ಅವು ಯಾವ ಪ್ರಾಣಿಯವು ಎಂದು ಗುರುತಿಸಿದವರು ಒಬ್ಬ ಸಾಹೇಬರು. ಆದರೆ ಅವನ್ನು ಮಣ್ಣಿನಿಂದ ಬಿಡಿಸಿ ಬೆಳಕಿಗೆ ತಂದದ್ದು ಹಳ್ಳದ ನೀರು. ಪ್ರತಿ ಮಳೆಗಾಲದಲ್ಲಿ ನಿಮ್ಮ ಹೊಲದ ಅಂಚನ್ನು ಕಡಿದು ಒಯ್ಯುತ್ತದಲ್ಲ, ಅಂಥದೇ ನೀರು.

ಆ ಸಾಹೇಬರ ಹೆಸರು ರಾಬರ್ಟ್ ಬ್ರೂಸ್ ಫೂಟ್. ಭೂಗರ್ಭಶಾಸ್ತ್ರ ಓದುವ ವಿದ್ಯಾರ್ಥಿಗಳಿಗೂ ಇತಿಹಾಸ ಬಲ್ಲವರಿಗೂ ಈ ಹೆಸರು ಚೆನ್ನಾಗಿ ಗೊತ್ತು. ಅವರು ನಡೆದಾಡಿ ಬರೆದಿಟ್ಟ ನೆಲವನ್ನೇ ಉಳುತ್ತಿರುವ ನಮಗೆ ಮಾತ್ರ ಅಷ್ಟಾಗಿ ಪರಿಚಯವಿಲ್ಲ. ಅವರು ಬೇಸಾಯದ ಪಂಡಿತರಲ್ಲ. ಒಡ್ಡು ಹಾಕಿರಿ, ಗೊಬ್ಬರ ಹಾಕಿರಿ ಎಂದು ಹೇಳಿದವರೂ ಅಲ್ಲ. ಆದರೂ ಅವರ ಬಾಳಿನಿಂದ ರೈತರು ಕಲಿಯಬೇಕಾದ ಪಾಠ ಒಂದಿದೆ. ಆದ್ದರಿಂದ ಈ ವಾರ ಅವರ ಕಥೆ.

ಕಲ್ಲು ಹುಡುಕುತ್ತ ಬಂದವರು

ಫೂಟ್ ಅವರು 1834ರ ಸಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ ಹುಟ್ಟಿದರು. 1858ರಲ್ಲಿ, 24ನೆಯ ವಯಸ್ಸಿನಲ್ಲಿ, ಭಾರತದ ಭೂಗರ್ಭ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಆ ಇಲಾಖೆ ಆಗ ಹೊಸದು, 1851ರಲ್ಲಿ ಸ್ಥಾಪನೆಯಾಗಿತ್ತು. ಯಾವ ನೆಲದಡಿಯಲ್ಲಿ ಎಂಥ ಕಲ್ಲಿದೆ, ಎಲ್ಲಿ ಕಲ್ಲಿದ್ದಲು, ಎಲ್ಲಿ ಕಬ್ಬಿಣ ಎಂದು ನಕ್ಷೆ ಮಾಡುವುದು ಅದರ ಕೆಲಸ. ಫೂಟ್ ಅವರನ್ನು ದಕ್ಷಿಣ ಭಾರತಕ್ಕೆ ಕಳಿಸಿದರು. ಮುಂದಿನ 33 ವರ್ಷ ಅವರು ಈ ನೌಕರಿಯಲ್ಲಿಯೇ ಕಳೆದರು.

ಕಲ್ಲಿನ ಸರ್ವೆ ಕಚೇರಿಯಲ್ಲಿ ಕುಳಿತು ಮಾಡುವ ಕೆಲಸವಲ್ಲ. ಮಳೆ ನಿಂತ ಮೇಲೆ ಡೇರೆ ಕಟ್ಟಿಕೊಂಡು ಹೊರಟರೆ ಬೇಸಿಗೆಯವರೆಗೆ ಊರೂರು ಅಲೆದಾಟ. ಗುಡ್ಡ ಹತ್ತಬೇಕು, ಹಳ್ಳ ಇಳಿಯಬೇಕು, ತೋಡಿದ ಬಾವಿ ಇಣುಕಿ ನೋಡಬೇಕು. ನೆಲದ ಒಳಗನ್ನು ತೋರಿಸುವ ಜಾಗ ಎಲ್ಲಿದ್ದರೂ ಅಲ್ಲಿಗೆ ಹೋಗಬೇಕು. ಹೀಗೆ ಅಲೆಯುತ್ತಿರುವಾಗಲೇ ಫೂಟ್ ಅವರಿಗೆ ಹೆಸರು ತಂದ ಘಟನೆ ನಡೆಯಿತು. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂ ಎಂಬಲ್ಲಿ ಗರಸು ತೆಗೆದ ಒಂದು ತಗ್ಗಿನಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ನೀರಿನಲ್ಲಿ ಉರುಳಿ ಸವೆದ ಕಲ್ಲು ಅದಲ್ಲ, ಮನುಷ್ಯನ ಕೈ ಕೆತ್ತಿದ ಕಲ್ಲು ಎಂದು ಅವರ ಕಣ್ಣು ಗುರುತಿಸಿತು. ಅದು ಆದಿಮಾನವನ ಕೈಗೊಡಲಿ. ಹಳೆಯ ಶಿಲಾಯುಗದ ಮನುಷ್ಯ ಭಾರತದಲ್ಲಿಯೂ ಇದ್ದ ಎಂಬುದು ಅಲ್ಲಿಂದ ಜಗತ್ತಿಗೆ ತಿಳಿಯಿತು. ಅದೇ ವರ್ಷ ಸಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರ ಜೊತೆ ಹೋದಾಗ ಅತ್ತಿರಂಪಾಕ್ಕಂ ಎಂಬ ಊರಿನ ಹಳ್ಳದಲ್ಲಿಯೂ ಇಂಥ ಕಲ್ಲುಗಳು ಸಿಕ್ಕವು.

ಇಲ್ಲಿ ಒಂದು ಮಾತು ಗಮನಿಸಿರಿ. ಸಾವಿರಾರು ಕಲ್ಲು ಬಿದ್ದಿರುವ ತಗ್ಗಿನಲ್ಲಿ ಒಂದೇ ಕಲ್ಲು ಬೇರೆ ಎಂದು ತಿಳಿಯಬೇಕಾದರೆ ಉಳಿದ ಕಲ್ಲುಗಳು ಹೇಗೆ ಸವೆದಿವೆ ಎಂಬುದು ಗೊತ್ತಿರಬೇಕು. ಫೂಟ್ ಅವರ ವಿದ್ಯೆ ಎಂದರೆ ಈ ಸವಕಳಿಯನ್ನು ಓದುವ ವಿದ್ಯೆ.

ನಮ್ಮ ಸೀಮೆಗೆ ಬಂದದ್ದು

1870ರ ಆಸುಪಾಸಿನ ವರ್ಷಗಳಲ್ಲಿ ಫೂಟ್ ಅವರು ನಮ್ಮ ಕಡೆಗೆ ಬಂದರು. ಬೆಳಗಾವಿ ಜಿಲ್ಲೆ, ಇಂದಿನ ವಿಜಯಪುರ ಮತ್ತು ಬಾಗಲಕೋಟೆಗಳನ್ನು ಒಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆ, ನಡುನಡುವೆ ಹರಡಿದ್ದ ಸಂಸ್ಥಾನಗಳ ನೆಲ, ಇವೆಲ್ಲವನ್ನೂ ಆಗ ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಈ ಸೀಮೆಯ ಕಲ್ಲುಮಣ್ಣುಗಳ ಮೇಲೆ ಫೂಟ್ ಅವರು ಬರೆದ ದೊಡ್ಡ ಗ್ರಂಥ 1876ರಲ್ಲಿ ಅಚ್ಚಾಯಿತು. ಗೋಕಾಕ, ಬಾದಾಮಿ ಕಡೆಯ ಮರಳುಗಲ್ಲಿನ ಪದರಗಳಿಗೆ ಕಲಾದಗಿಯ ಹೆಸರಿಟ್ಟವರು ಅವರೇ. ಮುಂದೆ ಕೋಲಾರದ ಬಂಗಾರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಹಳೆಯ ಕಲ್ಲಿನ ವರ್ಗಕ್ಕೆ ಧಾರವಾಡದ ಹೆಸರಿಟ್ಟವರೂ ಅವರೇ. ಇಂದಿಗೂ ಆ ಹೆಸರುಗಳೇ ನಡೆಯುತ್ತಿವೆ.

ಗ್ರಂಥ ಹೊರಬಂದ ಆ 1876ನೆಯ ಇಸವಿಯೇ ಧಾತು ಸಂವತ್ಸರದ ಭೀಕರ ಬರ ಶುರುವಾದ ವರ್ಷ. ಮಳೆ ಕೈಕೊಟ್ಟಾಗ ನೆಲದಲ್ಲಿ ಎಷ್ಟು ಮಣ್ಣಿದೆಯೋ ಅಷ್ಟು ತೇವ ಮಾತ್ರ ಬೆಳೆಗೆ ಆಸರೆ. ಎರೆಮಣ್ಣು ಆಳವಾಗಿದ್ದವನ ಬಿಳಿಜೋಳ ಒಂದೆರಡು ವಾರ ಹೆಚ್ಚು ತಾಳುತ್ತದೆ. ಮಡ್ಡಿಯವನ ಬೆಳೆ ಮೊದಲು ಬಾಡುತ್ತದೆ. ಅಥಣಿ, ರಾಯಬಾಗ ಕಡೆಯ ಮಳೆಯಾಶ್ರಿತ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಬಾವಿಯೇ ಪುಸ್ತಕ

ಫೂಟ್ ಅವರಂಥವರು ನೆಲವನ್ನು ಹೇಗೆ ಓದುತ್ತಿದ್ದರು ಎಂದು ತಿಳಿಯಲು ದೂರ ಹೋಗಬೇಡಿರಿ. ನಿಮ್ಮ ಊರಿನಲ್ಲಿ ಕಲ್ಲು ಕಟ್ಟದ ಹಳೆಯ ಬಾವಿ ಇದ್ದರೆ ಅದರ ಗೋಡೆ ನೋಡಿರಿ. ಮೇಲೆ ಕರಿಯ ಎರೆಮಣ್ಣು. ಅದರ ಕೆಳಗೆ ಸುಣ್ಣದ ಹರಳು ಬೆರೆತ ಮಣ್ಣು. ಅದರ ಕೆಳಗೆ ಕೈಯಲ್ಲಿ ಹಿಡಿದರೆ ಪುಡಿಯಾಗುವ ಗರಸು. ಇನ್ನೂ ಕೆಳಗೆ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಬಿಡುವ ಗುಂಡುಗಳು. ಕೊನೆಗೆ ಸುತ್ತಿಗೆಗೂ ಬಗ್ಗದ ಕರಿಕಲ್ಲು.

ಆ ಕರಿಕಲ್ಲು ಬೆಂಕಿಯಿಂದ ಹುಟ್ಟಿದ್ದು. ಇಂದಿನ ಲೆಕ್ಕದಂತೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಕರಗಿದ ಕಲ್ಲು ಹೊರಬಂದು, ಹರಿದು, ಆರಿ, ಪದರದ ಮೇಲೆ ಪದರ ಕೂತಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಹೆಚ್ಚಾಗಿ ಕುಳಿತಿರುವುದು ಈ ಹಾಸಿನ ಮೇಲೆಯೇ. ನಿಪ್ಪಾಣಿ ಕಡೆಯ ಗುಡ್ಡಗಳ ಮಗ್ಗಲನ್ನು ದೂರದಿಂದ ನೋಡಿದರೆ ಮೆಟ್ಟಿಲು ಕಟ್ಟಿದಂತೆ ಕಾಣುತ್ತದೆ. ಗಟ್ಟಿ ಪದರ ನಿಂತಿದೆ, ಮೆತ್ತನೆಯ ಪದರ ಹಿಂದೆ ಸವೆದಿದೆ. ಗುಡ್ಡ ಎಂದರೆ ನೆಲ ಮೇಲಕ್ಕೆ ಎದ್ದದ್ದು ಎಂದು ನಾವು ತಿಳಿಯುತ್ತೇವೆ. ನಮ್ಮ ಸೀಮೆಯಲ್ಲಿ ಗುಡ್ಡವೆಂದರೆ ಸುತ್ತಲಿನದು ಕೊಚ್ಚಿಹೋದ ಮೇಲೆ ಉಳಿದದ್ದು. ನಡುವೆ ಇದ್ದ ಕಲ್ಲೆಲ್ಲ ಎಲ್ಲಿಗೆ ಹೋಯಿತು? ಒಂದು ಪಾಲು ನಿಮ್ಮ ಹೊಲದ ಮಣ್ಣಾಯಿತು. ಉಳಿದದ್ದು ಕೃಷ್ಣೆಯ ಪಾಲಾಗಿ ಬಂಗಾಲದ ಸಮುದ್ರ ಸೇರಿತು.

ಈ ಸವಕಳಿಯಲ್ಲಿ ಎರಡು ಕೆಲಸಗಳಿವೆ. ಅವನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಮೊದಲನೆಯದು ಕಲ್ಲು ಕೊಳೆಯುವುದು. ಹಗಲಿನ ಬಿಸಿಲು, ರಾತ್ರಿಯ ತಂಪು, ಬಿರುಕಿನಲ್ಲಿ ಇಳಿಯುವ ನೀರು, ಬೇರು, ಹುಳುಹುಪ್ಪಡಿ ಎಲ್ಲ ಸೇರಿ ಕಲ್ಲನ್ನು ನಿಂತಲ್ಲಿಯೇ ಪುಡಿ ಮಾಡುತ್ತವೆ. ಎರಡನೆಯದು ಆ ಪುಡಿಯನ್ನು ನೀರು, ಗಾಳಿ ಹೊತ್ತು ಒಯ್ಯುವುದು. ಮೊದಲನೆಯದು ಮಣ್ಣನ್ನು ಹುಟ್ಟಿಸುತ್ತದೆ, ಎರಡನೆಯದು ಒಯ್ಯುತ್ತದೆ. ಹುಟ್ಟುವ ವೇಗಕ್ಕಿಂತ ಒಯ್ಯುವ ವೇಗ ಕಡಿಮೆ ಇದ್ದಲ್ಲಿ ಮಣ್ಣು ಕೂಡುತ್ತದೆ. ಹೆಚ್ಚಾದಲ್ಲಿ ಹೊಲ ಮಡ್ಡಿಯಾಗುತ್ತದೆ.

ಹಳ್ಳ ತೆರೆದ ಪುಟ

ಈಗ ಘೇಂಡಾಮೃಗದ ವಿಷಯಕ್ಕೆ ಬರೋಣ. ಗೋಕಾಕದ ಹತ್ತಿರ, ಫೂಟ್ ಅವರು ಚಿಕದೌಲಿ ಎಂದು ಬರೆದಿರುವ ಊರಿನ ಬಳಿ, ಒಂದು ಹಳ್ಳ ತನ್ನ ದಂಡೆಯನ್ನು ಕಡಿದಿತ್ತು. ಕಡಿದ ದಂಡೆಯಲ್ಲಿ ಹಳೆಯ ಕಾಲದ ಜೇಡಿಮಣ್ಣಿನ ಪದರ ಕಾಣುತ್ತಿತ್ತು. ಅದರಲ್ಲಿ ಆ ಎಲುಬುಗಳಿದ್ದವು. ಅವುಗಳನ್ನು ಜೋಡಿಸಿ, ಅಳೆದು, ಇದು ಈಗ ಬದುಕಿಲ್ಲದ ಒಂದು ಜಾತಿಯ ಘೇಂಡಾಮೃಗ ಎಂದು ಫೂಟ್ ಅವರು 1874ರಲ್ಲಿ ಪ್ರಕಟಿಸಿದರು. ದಖ್ಖಣದ ಹೆಸರನ್ನೇ ಅದಕ್ಕೆ ಇಟ್ಟರು. ಮಲಪ್ರಭೆಯ ಕಣಿವೆಯ ಗರಸಿನಲ್ಲಿ ಆದಿಮಾನವನ ಕಲ್ಲಿನ ಆಯುಧಗಳೂ ಅವರಿಗೆ ಸಿಕ್ಕವು.

ಘೇಂಡಾಮೃಗಕ್ಕೆ ನೀರು ಬೇಕು, ಕೆಸರು ಬೇಕು, ಮೇಯಲು ಬೇಕಾದಷ್ಟು ಹಸಿರು ಬೇಕು. ಅಂಥ ನೆಲದಲ್ಲಿ ಅದು ಸತ್ತು ಬಿತ್ತು. ಅದರ ಮೇಲೆ ನೀರು ತಂದ ಮಣ್ಣು ಕೂತಿತು. ಎಷ್ಟೋ ಸಾವಿರ ವರ್ಷ ಕಳೆದ ಮೇಲೆ ಅದೇ ನೀರು ಆ ಮಣ್ಣನ್ನು ಕಡಿಯಿತು. ವಿಜ್ಞಾನಕ್ಕೆ ಅದು ಲಾಭವಾಯಿತು. ಆದರೆ ಹಳ್ಳ ಕಡಿದ ಆ ದಂಡೆಯ ಮೇಲೆ ಹೊಲವಿದ್ದವನ ದೃಷ್ಟಿಯಿಂದ ನೋಡಿರಿ. ಸಾವಿರಾರು ವರ್ಷ ಕೂಡಿದ್ದು ಹೋಯಿತು, ಮರಳಿ ಬರಲಿಲ್ಲ.

ಗೋಕಾಕದ ಜಲಪಾತವನ್ನು ನೀವೆಲ್ಲ ನೋಡಿದ್ದೀರಿ. ಘಟಪ್ರಭೆ ಅಲ್ಲಿ ಮರಳುಗಲ್ಲಿನ ಬಂಡೆಯ ಮೇಲಿಂದ ಸುಮಾರು 170 ಅಡಿ ಕೆಳಗೆ ಬೀಳುತ್ತದೆ. ಜಲಪಾತಗಳ ಸ್ವಭಾವವೇನೆಂದರೆ, ಬೀಳುವ ನೀರು ಬುಡವನ್ನು ಕೊರೆಯುತ್ತದೆ, ಬುಡ ಹೋದ ಮೇಲೆ ತಲೆಯ ಅಂಚು ಕುಸಿಯುತ್ತದೆ. ಹೀಗೆ ಅಂಚು ಮೇಲ್ಭಾಗಕ್ಕೆ ಹಿಂದೆ ಹಿಂದೆ ಸರಿಯುತ್ತದೆ. ಗಟ್ಟಿ ಬಂಡೆಯಲ್ಲಿ ಇದು ಕಣ್ಣಿಗೆ ಕಾಣದಷ್ಟು ನಿಧಾನ. ನಿಮ್ಮ ಹೊಲದ ಕೆಳತುದಿಯಲ್ಲಿ ಮೂರು ಅಡಿ ಆಳದ ಕೊರಕಲು ಇದ್ದರೆ ಅದೂ ಒಂದು ಜಲಪಾತವೇ. ಅದರ ಅಂಚೂ ಹೀಗೆಯೇ ಮೇಲಕ್ಕೆ ಹತ್ತುತ್ತದೆ. ಆದರೆ ಅಲ್ಲಿ ಬಂಡೆಯಿಲ್ಲ, ಬರಿಯ ಮಣ್ಣು. ಒಂದೇ ದೊಡ್ಡ ಮಳೆಗೆ ಅದು ಹಲವು ಅಡಿ ಒಳಗೆ ಬರಬಹುದು.

ನಿಧಾನವೆಂಬ ಮೋಸ

ಸವಕಳಿಯ ದೊಡ್ಡ ಅಪಾಯವೆಂದರೆ ಅದು ಒಮ್ಮೆಲೇ ಕಾಣುವುದಿಲ್ಲ. ಕೊರಕಲು ಕಣ್ಣಿಗೆ ಬೀಳುತ್ತದೆ. ಆದರೆ ಅದಕ್ಕಿಂತ ಹೆಚ್ಚು ಮಣ್ಣು ಇಡೀ ಹೊಲದ ಮೇಲ್ಮೈಯಿಂದ ತೆಳುವಾದ ಪದರವಾಗಿ ಹೋಗುತ್ತದೆ. ಜೋರು ಮಳೆಯ ದಪ್ಪ ಹನಿ ತಾಸಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಬರಿಯ ನೆಲಕ್ಕೆ ಬಡಿಯುತ್ತದೆ. ಹೆಂಟೆ ಒಡೆದು ನುಣ್ಣನೆಯ ಮಣ್ಣು ನೀರಿನಲ್ಲಿ ಬೆರೆಯುತ್ತದೆ, ಸಣ್ಣ ರಂಧ್ರಗಳು ಮುಚ್ಚುತ್ತವೆ, ನೀರು ಇಂಗದೆ ಓಡುತ್ತದೆ. ಓಡುವ ನೀರಿನ ವೇಗ ಎರಡು ಪಟ್ಟಾದರೆ ಅದು ಕೊರೆಯುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋದರೆ ಸುಮಾರು 5 ಟನ್ ಆಗುತ್ತದೆ. ಅರ್ಧ ಟನ್ನಿಗೆ ಒಂದರಂತೆ ಹತ್ತು ಚಕ್ಕಡಿ. ಯಾರಾದರೂ ರಾತ್ರಿ ಬಂದು ನಿಮ್ಮ ಹೊಲದಿಂದ ಹತ್ತು ಚಕ್ಕಡಿ ಮಣ್ಣು ಹೇರಿಕೊಂಡು ಹೋದರೆ ನೀವು ಪಂಚಾಯಿತಿ ಕೂಡಿಸುತ್ತೀರಿ. ಮಳೆ ಒಯ್ದರೆ ಮಾತನಾಡುವುದಿಲ್ಲ. ನಮ್ಮ ದೇಶದಲ್ಲಿ ಸರಾಸರಿ ಒಂದು ಹೆಕ್ಟೇರಿನಿಂದ ವರ್ಷಕ್ಕೆ 16 ಟನ್ನಿಗಿಂತ ಹೆಚ್ಚು ಮಣ್ಣು ಕೊಚ್ಚಿಹೋಗುತ್ತದೆಂದು 1983ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಎಕರೆಗೆ ಆರೂವರೆ ಟನ್ ಎಂದಾಯಿತು. ಇದೇ ವೇಗದಲ್ಲಿ ಹೋದರೆ ಒಂದು ಅಂಗುಲ ಮಣ್ಣು ಹೋಗಲು ಇಪ್ಪತ್ತು ವರ್ಷವೇ ಸಾಕು. ಆ ಒಂದು ಅಂಗುಲ ಕರಿಕಲ್ಲಿನಿಂದ ಮತ್ತೆ ಹುಟ್ಟಬೇಕಾದರೆ ನೂರಾರು ವರ್ಷ ಬೇಕು.

ಹೋಗುವಾಗ ಮೊದಲು ಹೋಗುವುದು ನುಣ್ಣನೆಯ ಮಣ್ಣು, ಅದರ ಜೊತೆ ನೀವು ಹಾಕಿದ ತಿಪ್ಪೆಗೊಬ್ಬರದ ಸತ್ವ. ಉಳಿಯುವುದು ಹರಳು, ಕಲ್ಲು. ವರ್ಷ ವರ್ಷ ಹೊಲದಲ್ಲಿ ಕಲ್ಲು ಬೆಳೆಯುತ್ತಿವೆ ಎಂದು ಹಿರಿಯರು ದೂರುವುದನ್ನು ನಾನು ಎಷ್ಟೋ ಊರುಗಳಲ್ಲಿ ಕೇಳಿದ್ದೇನೆ. ಕಲ್ಲು ಬೆಳೆಯುವುದಿಲ್ಲ, ಮೇಲಿನ ಮಣ್ಣು ಇಳಿದಂತೆ ಕಲ್ಲು ತಲೆ ತೋರಿಸುತ್ತದೆ.

ಕೊನೆಯ ದಿನಗಳು

ಫೂಟ್ ಅವರು ನಮ್ಮ ಸೀಮೆಯ ಕೆಲಸ ಮುಗಿದ ಮೇಲೆಯೂ ದಣಿಯಲಿಲ್ಲ. 1884ರಲ್ಲಿ ಕರ್ನೂಲು ಕಡೆಯ ಬಿಲ್ಲಸುರ್ಗಂ ಗವಿಗಳಲ್ಲಿ ಮಗನನ್ನು ಜೊತೆಗೆ ಹಾಕಿಕೊಂಡು ಅಗೆದರು. ಬಳ್ಳಾರಿ ಜಿಲ್ಲೆಯಲ್ಲಿ ತಿರುಗಿ, ಸಂಗನಕಲ್ಲು ಸುತ್ತಿನ ಗುಡ್ಡದಲ್ಲಿ ನಯವಾದ ಕಲ್ಲುಗೊಡಲಿ ಮಾಡಿದವರ ನೆಲೆಗಳನ್ನೂ, ಪುರಾತನ ದನಗಾಹಿಗಳು ಸುಟ್ಟ ಸಗಣಿಯ ಬೂದಿದಿಬ್ಬಗಳನ್ನೂ ಅಭ್ಯಾಸ ಮಾಡಿದರು. 1891ರಲ್ಲಿ ನಿವೃತ್ತಿಯಾಯಿತು. ಆ ಮೇಲೆ ಬಡೋದೆ ಸಂಸ್ಥಾನದಲ್ಲಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನ ಭೂಗರ್ಭ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ನಲವತ್ತು ವರ್ಷ ಕೂಡಿಟ್ಟ ಕಲ್ಲಿನ ಆಯುಧ, ಮಡಕೆಚೂರುಗಳನ್ನು 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಸೇಲಂ ಹತ್ತಿರದ ಯೇರ್ಕಾಡಿನಲ್ಲಿ ಮನೆ ಮಾಡಿಕೊಂಡು ಅವುಗಳ ಪಟ್ಟಿ ಬರೆಯುವುದರಲ್ಲಿ ವೃದ್ಧಾಪ್ಯ ಕಳೆದರು. 1912ರ ಡಿಸೆಂಬರ್ 29ರಂದು ತೀರಿಕೊಂಡರು. ಪಟ್ಟಿಯ ಪುಸ್ತಕ ಅಚ್ಚಾದದ್ದು ಅವರು ಹೋದ ಮೇಲೆ.

ಕೋಟಿ ವರ್ಷಗಳ ಲೆಕ್ಕದಲ್ಲಿ ನೆಲವನ್ನು ನೋಡಿದವರು ಅವರು. ಅಷ್ಟು ಉದ್ದದ ಲೆಕ್ಕದಲ್ಲಿ ಸವಕಳಿ ತಪ್ಪಲ್ಲ. ಅದಿಲ್ಲದಿದ್ದರೆ ಎರೆಮಣ್ಣೂ ಇಲ್ಲ, ಕೃಷ್ಣೆಯ ಕಣಿವೆಯೂ ಇಲ್ಲ. ಆದರೆ ನಮ್ಮದು ಎರಡು ಮೂರು ತಲೆಮಾರಿನ ಲೆಕ್ಕ. ಸವಕಳಿಯನ್ನು ನಿಲ್ಲಿಸಲು ನಮ್ಮಿಂದ ಆಗದು. ಕಲ್ಲು ಕೊಳೆತು ಮಣ್ಣಾಗುವ ವೇಗ ಹೆಚ್ಚಿಸಲೂ ಆಗದು. ಓಡುವ ನೀರನ್ನು ನಡೆಯುವಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಇಳಿಜಾರಿಗೆ ಅಡ್ಡವಾಗಿ ಉಳಿರಿ, ಅಡ್ಡವಾಗಿ ಹರಗಿರಿ, ಅಡ್ಡವಾಗಿಯೇ ಕೂರಿಗೆ ಹೂಡಿರಿ. ಇದಕ್ಕೆ ಖರ್ಚಿಲ್ಲ. ಆದರೆ ತೊಡಕಿದೆ, ಅದು ನನಗೆ ಗೊತ್ತು. ಅಣ್ಣತಮ್ಮಂದಿರು ಪಾಲಾಗುವಾಗ ಹೊಲವನ್ನು ಮೇಲಿಂದ ಕೆಳಕ್ಕೆ ಉದ್ದುದ್ದ ಪಟ್ಟಿ ಮಾಡಿಕೊಳ್ಳುತ್ತಾರೆ. ಅಗಲ ಸಾಲದೆ ಎತ್ತು ಅಥವಾ ಟ್ರ್ಯಾಕ್ಟರ್ ಉದ್ದಕ್ಕೆ ಓಡುತ್ತದೆ, ಪ್ರತಿ ಸಾಲೂ ಒಂದು ಕಾಲುವೆಯಾಗುತ್ತದೆ. ಪಾಲು ಬೇರೆಯಾದರೂ ಉಳುಮೆಯನ್ನು ಕೂಡಿ ಅಡ್ಡಲಾಗಿ ಮಾಡಿಕೊಳ್ಳಬಹುದು. ಮಾತಾಡಿ ನೋಡಿರಿ.

ಎರಡನೆಯದಾಗಿ, ಒಡ್ಡು. ಮಡ್ಡಿ ಮತ್ತು ಮಧ್ಯಮ ನೆಲದಲ್ಲಿ ಸಮಪಾತಳಿಯ ಒಡ್ಡು ನೀರು ಹಿಡಿಯುತ್ತದೆ. ಆಳವಾದ ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ. ಬೇಸಿಗೆಯಲ್ಲಿ ಬಿರಿದ ಒಡ್ಡು ಮಳೆಗೆ ಒಡೆಯುತ್ತದೆ. ಆದ್ದರಿಂದ ಅಲ್ಲಿ ಹೆಚ್ಚಿನ ನೀರು ನಿಧಾನವಾಗಿ ಹರಿದುಹೋಗುವಂತೆ ಸ್ವಲ್ಪ ಇಳಿಜಾರು ಕೊಟ್ಟು ಒಡ್ಡು ಹಾಕಬೇಕು. ಕೆಳತುದಿಯಲ್ಲಿ ಕಲ್ಲು ಹೊಂದಿಸಿದ ಗಂಡಿ ಬಿಡಬೇಕು. ಹಿಂಗಾರಿ ಬಿಳಿಜೋಳದ ಹೊಲದಲ್ಲಿ ಮುಂಗಾರಿನಲ್ಲಿಯೇ ಚೌಕುಮಡಿ ಮಾಡಿದರೆ ಬಿದ್ದ ಮಳೆ ಬಿದ್ದಲ್ಲಿ ಇಂಗುತ್ತದೆ. ಒಡ್ಡಿನ ಮೇಲೆ ಲಾವಂಚವನ್ನೋ ಬೇರೆ ಗಟ್ಟಿ ಹುಲ್ಲನ್ನೋ ಹಚ್ಚಿರಿ. ಎರಡು ಸಾಲು ಹೆಚ್ಚು ಸಿಗುತ್ತದೆಂದು ಒಡ್ಡು ಕೆರೆದು ಹೊಲ ಮಾಡಬೇಡಿರಿ.

ಮೂರನೆಯದಾಗಿ, ನೆಲವನ್ನು ಬರಿದಾಗಿ ಬಿಡಬೇಡಿರಿ. ಹೆಸರು, ಮಡಿಕೆ, ಶೇಂಗಾ ಮುಂತಾದವು ನೆಲಕ್ಕೆ ಹೊದಿಕೆಯಾಗುತ್ತವೆ. ಕಬ್ಬಿನ ರವದಿ ಸುಡುವ ಬದಲು ಸಾಲಿನಲ್ಲಿ ಹಾಸಿರಿ. ಹನಿ ರವದಿಗೆ ಬಡಿಯಲಿ, ಮಣ್ಣಿಗೆ ಬೇಡ.

ನಾಲ್ಕನೆಯದಾಗಿ, ಕೊರಕಲು ಸಣ್ಣದಿರುವಾಗಲೇ ತಡೆಯಿರಿ. ಕೆಳಗೆ ನಿಂತು ತಡೆಯಬೇಡಿರಿ. ಅದರ ತಲೆಯ ಹತ್ತಿರ ಬರುವ ನೀರನ್ನು ಮೊದಲು ಬೇರೆ ಕಡೆ ತಿರುಗಿಸಿ, ಆ ಮೇಲೆ ಮೇಲಿನಿಂದ ಕೆಳಕ್ಕೆ ಕಲ್ಲಿನ ತಡೆ ಕಟ್ಟುತ್ತ ಬನ್ನಿರಿ. ಹೊಲದಲ್ಲಿ ಆರಿಸಿದ ಕಲ್ಲು ಇದಕ್ಕೆ ಸಾಕು.

ಐದನೆಯದಾಗಿ, ಕೃಷ್ಣೆ, ದೂಧಗಂಗೆ, ವೇದಗಂಗೆ, ಅಗ್ರಣಿ ದಂಡೆಯ ರೈತರಿಗೆ ಒಂದು ಮಾತು. 2005, 2019 ಮತ್ತು 2021ರ ಮಹಾಪೂರಗಳನ್ನು ನೀವು ಕಂಡಿದ್ದೀರಿ. ದಂಡೆಯ ಗಿಡಗಂಟಿ ಕಡಿದು ನೀರಿನ ಅಂಚಿನವರೆಗೆ ಕಬ್ಬು ಹಚ್ಚಿದಲ್ಲಿ ದಂಡೆಯನ್ನು ಹಿಡಿಯಲು ಬೇರಿಲ್ಲ. ನದಿಯ ಉಸುಕು ಬಗೆದಷ್ಟೂ ಹರಿವು ಆಳವಾಗಿ ದಂಡೆಯ ಬುಡ ಸಡಿಲವಾಗುತ್ತದೆ. ದಂಡೆಯ ಮೇಲೆ ನಾಲ್ಕಾರು ಮಾರು ಜಾಗವನ್ನು ಗಿಡ, ಬಿದಿರು, ಹುಲ್ಲಿಗೆ ಬಿಟ್ಟುಕೊಡಿರಿ. ಅದು ಹೋದ ಜಾಗವಲ್ಲ, ಉಳಿದ ಹೊಲದ ಕಾವಲು.

ಕೊನೆಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಹೊಲದ ಉತಾರ ತೆಗೆದು ನೋಡಿರಿ. ಎಕರೆ, ಗುಂಟೆ, ಆಕಾರ ಎಲ್ಲ ಬರೆದಿರುತ್ತದೆ. ಮಣ್ಣು ಎಷ್ಟು ಆಳವಿದೆ ಎಂದು ಬರೆದಿರುವುದಿಲ್ಲ. ನಿಮ್ಮ ಅಜ್ಜ ಬಿಟ್ಟುಹೋದ ನಾಲ್ಕು ಎಕರೆ ಉತಾರದಲ್ಲಿ ಇಂದಿಗೂ ನಾಲ್ಕು ಎಕರೆಯೇ ಇರುತ್ತದೆ, ಅರ್ಧ ಮಣ್ಣು ಹಳ್ಳಕ್ಕೆ ಹೋಗಿದ್ದರೂ. ಆದ್ದರಿಂದ ಈ ಬೇಸಿಗೆಯಲ್ಲಿ ಹೊಲದ ಮೇಲ್ತುದಿ, ನಡು ಮತ್ತು ಕೆಳತುದಿಯಲ್ಲಿ ಒಂದೊಂದು ತಗ್ಗು ತೋಡಿ, ಗರಸು ಸಿಗುವವರೆಗೆ ಅಳತೆ ಮಾಡಿರಿ. ಅಂಕಿಯನ್ನು ಇಸವಿಯ ಸಮೇತ ಉತಾರದ ಹಿಂದೆ ಬರೆದಿಡಿರಿ. ಹತ್ತು ವರ್ಷ ಬಿಟ್ಟು ನಿಮ್ಮ ಮಗ ಅದೇ ಜಾಗದಲ್ಲಿ ಅಳೆಯಲಿ. ಅಂಕಿ ಇಳಿದಿರದಿದ್ದರೆ ನೀವು ಹೊಲವನ್ನು ಪೂರ್ತಿಯಾಗಿ ಅವನ ಕೈಗೆ ಕೊಟ್ಟಂತೆ.